ಸಿವಿಲೈಸೇಶನ್ 6: ಕವಣೆ ಕಾಲದಿಂದ ಬಾಂಬರ್ ಕಾಲದವರೆಗೆ ಒಂದೇ ದಂಡು

ಸಿವಿಲೈಸೇಶನ್ 6 ಎಂಬ ಕಂಪ್ಯೂಟರ್ ಆಟದಲ್ಲಿ ಯುದ್ಧ ಸೋಲುವವರಿಗೆ ಸೈನ್ಯ ಸಾಲದೆ ಬರುವುದು ಅಪರೂಪ. ಹೊತ್ತಲ್ಲದ ಹೊತ್ತಿನಲ್ಲಿ ಹೊರಟು ಸೋಲುವುದೇ ಹೆಚ್ಚು. ಎಂಟು ಸ್ವೋರ್ಡ್ಸ್‌ಮನ್‌ಗಳನ್ನು ಕಟ್ಟಿಕೊಂಡು ಗಡಿ ತಲುಪುವಷ್ಟರಲ್ಲಿ ಪಕ್ಕದ ರಾಜ್ಯ ಗೋಡೆ ಎಬ್ಬಿಸಿ ಕ್ರಾಸ್‌ಬೋ ಹಿಡಿದು ಕೂತಿರುತ್ತದೆ. ಇಪ್ಪತ್ತು ಟರ್ನ್ (ಸರದಿ) ಮುಂಚೆ ಹೋಗಿದ್ದರೆ ಅದೇ ಎಂಟು ಮಂದಿ ಆ ರಾಜ್ಯವನ್ನು ಪೂರ್ತಿ ನುಂಗುತ್ತಿದ್ದರು. ಈ ಆಟದಲ್ಲಿ ಯುದ್ಧ ಅಗ್ಗವಾಗುವುದು ಯುಗ ಬದಲಾಗುವ ಸಂದಿಯಲ್ಲಿ. ಆ ಸಂದಿಗಳು ಎಲ್ಲೆಲ್ಲಿ ಬರುತ್ತವೆ, ಎಷ್ಟು ಮುಂಚೆ ಏನೇನು ಸಿದ್ಧವಿರಬೇಕು, ಒಮ್ಮೆ ಕಟ್ಟಿದ ದಂಡನ್ನೇ ಯುಗದಿಂದ ಯುಗಕ್ಕೆ ದಾಟಿಸುವುದು ಹೇಗೆ ಎಂದು ಹಂತಹಂತವಾಗಿ ಹೇಳುತ್ತೇನೆ.

ಫಿರಾಕ್ಸಿಸ್ ಈ ಆಟವನ್ನು 2016ರಲ್ಲಿ ಹೊರತಂದಿತು. ಇಲ್ಲಿರುವ ಅಂಕಿಗಳು 2019ರ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆ ಮತ್ತು 2021ರ ಅಪ್‌ಡೇಟ್‌ಗಳು ಸೇರಿದ ಆವೃತ್ತಿಗೆ, ಸ್ಟ್ಯಾಂಡರ್ಡ್ ವೇಗದ ಆಟಕ್ಕೆ ಹೊಂದುತ್ತವೆ. ವಿಸ್ತರಣೆ ಇಲ್ಲದೆ ಆಡುವವರಿಗೆ ಕೆಲವು ಯೂನಿಟ್‌ಗಳು (ಸೈನ್ಯದ ತುಕಡಿಗಳು) ಕಾಣುವುದಿಲ್ಲ, ಸಂಪನ್ಮೂಲದ ಲೆಕ್ಕವೂ ಬೇರೆ. ಆದರೂ ಯೋಚನೆಯ ದಾರಿ ಒಂದೇ.

ಮೊದಲು ಲೆಕ್ಕ ಕಲಿಯಿರಿ

ಪ್ರತಿ ಯೂನಿಟ್‌ಗೂ 100 ಆರೋಗ್ಯ. ಸಮಬಲದ ಎರಡು ಯೂನಿಟ್ ಹೊಡೆದಾಡಿದರೆ ಇಬ್ಬರಿಗೂ ಸುಮಾರು 30 ಪೆಟ್ಟು. ಅದೃಷ್ಟದ ಮೇಲೆ 24ರಿಂದ 36ರವರೆಗೆ ಹೆಚ್ಚುಕಡಿಮೆ. ಬಲದಲ್ಲಿ 10 ಅಂಕಿ ಮೇಲಿದ್ದರೆ ನೀವು ಕೊಡುವುದು ಸುಮಾರು 45, ತಿನ್ನುವುದು 20. ವ್ಯತ್ಯಾಸ 20 ಆದರೆ 67ಕ್ಕೆ 13. ವ್ಯತ್ಯಾಸ 30 ಮುಟ್ಟಿದರೆ ಒಂದೇ ಹೊಡೆತಕ್ಕೆ ಎದುರಾಳಿ ಮಾಯವಾಗಬಹುದು. ಬಲ ಸ್ವಲ್ಪ ಏರಿದರೆ ಫಲ ಬಹಳ ಏರುತ್ತದೆ. ಅದಕ್ಕಾಗಿಯೇ ಒಂದು ಯುಗ ಮುಂದಿರುವ ನಾಲ್ಕು ಯೂನಿಟ್‌ಗಳು ಹಿಂದಿನ ಯುಗದ ಎಂಟನ್ನು ನಿರಾಯಾಸವಾಗಿ ತೀರಿಸುತ್ತವೆ. ದಾಳಿ ಮಾಡುವ ಮೊದಲು ಪರದೆಯ ಮೇಲೆ ಬರುವ ಮುನ್ನೋಟವನ್ನು ಪ್ರತಿ ಸಲವೂ ಓದಿ. ಯಾವ ಕಾರಣಕ್ಕೆ ಎಷ್ಟು ಅಂಕಿ ಕೂಡಿತು, ಎಷ್ಟು ಕಳೆಯಿತು ಎಂದು ಅಲ್ಲೇ ಇರುತ್ತದೆ.

ಗಾಯಗೊಂಡ ಯೂನಿಟ್‌ನ ಬಲ ಇಳಿಯುತ್ತಾ ಹೋಗುತ್ತದೆ; ಸಾಯುವ ಹಂತದಲ್ಲಿ 10 ಅಂಕಿಯಷ್ಟು ಕಡಿಮೆ. ಗುಡ್ಡದ ಮೇಲೆ ನಿಂತು ಕಾಯುವವನಿಗೆ 3, ಕಾಡಿನಲ್ಲಿ ನಿಂತವನಿಗೆ 3, ಒಂದು ಟರ್ನ್ ಕದಲದೆ ಭದ್ರ ಮಾಡಿಕೊಂಡರೆ 3, ಎರಡು ಟರ್ನ್ ಆದರೆ 6. ಮಿಲಿಟರಿ ಟ್ರೆಡಿಶನ್ ಸಿವಿಕ್ (ಸಂಸ್ಕೃತಿಯಿಂದ ಕಲಿಯುವ ವಿದ್ಯೆ) ಬಂದ ಮೇಲೆ ಎದುರಾಳಿಯ ಪಕ್ಕದಲ್ಲಿ ನಿಂತ ನಿಮ್ಮ ಇನ್ನೊಂದೊಂದು ಯೂನಿಟ್‌ಗೂ ತಲಾ 2. ಬಿಡಿಬಿಡಿಯಾಗಿ ನೋಡಿದರೆ ಚಿಲ್ಲರೆ, ಕೂಡಿಸಿದರೆ ಒಂದು ಯುಗದ ಅಂತರ.

ಕಷ್ಟದ ಮಟ್ಟ ಏರಿಸಿದಂತೆ ಕಂಪ್ಯೂಟರ್ ಕಡೆಯವರಿಗೂ ಬಲ ಕೂಡುತ್ತದೆ. ಡೀಟಿ ಎಂಬ ಅತಿ ಕಷ್ಟದ ಮಟ್ಟದಲ್ಲಿ ಅವರ ಪ್ರತಿ ಯೂನಿಟ್‌ಗೂ 4 ಅಂಕಿ ಪುಕ್ಕಟೆ. ಅಲ್ಲಿ ಆಡುವವರು ಮುಂದೆ ಬರುವ ಎಲ್ಲ ಲೆಕ್ಕದಲ್ಲೂ ಆ 4ನ್ನು ಕಳೆದುಕೊಂಡೇ ಯೋಚಿಸಬೇಕು.

ಮೆಟ್ಟಿಲುಗಳು ಸಮವಿಲ್ಲ

ಇದೇ ಈ ಬರಹದ ತಿರುಳು. ಒಂದೊಂದು ಬಗೆಯ ಯೂನಿಟ್ ಯುಗಯುಗಕ್ಕೂ ಹೇಗೆ ಏರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಕಾಲಾಳು: ವಾರಿಯರ್ 20, ಸ್ವೋರ್ಡ್ಸ್‌ಮನ್ 35, ಮ್ಯಾನ್-ಅಟ್-ಆರ್ಮ್ಸ್ 45, ಮಸ್ಕೆಟ್‌ಮನ್ 55, ಲೈನ್ ಇನ್‌ಫೆಂಟ್ರಿ 65, ಇನ್‌ಫೆಂಟ್ರಿ 75.
ದೂರದಿಂದ ಹೊಡೆಯುವವರು: ಸ್ಲಿಂಗರ್ 15, ಆರ್ಚರ್ 25, ಕ್ರಾಸ್‌ಬೋಮನ್ 40, ಫೀಲ್ಡ್ ಕ್ಯಾನನ್ 60.
ಭಾರಿ ಕುದುರೆಪಡೆ: ಹೆವಿ ಚಾರಿಯಟ್ 28, ನೈಟ್ 50, ಕ್ವಿರಾಸಿಯರ್ 64, ಟ್ಯಾಂಕ್ 85.
ಮುತ್ತಿಗೆ ಯಂತ್ರ: ಕ್ಯಾಟಪಲ್ಟ್ 35, ಟ್ರೆಬುಶೆ 45, ಬಾಂಬಾರ್ಡ್ 55, ಆರ್ಟಿಲರಿ 80.

ಕಾಲಾಳಿನ ಸಾಲು ಮೊದಲ ಜಿಗಿತದ ನಂತರ ಹತ್ತು ಹತ್ತರಂತೆ ಸಾವಕಾಶವಾಗಿ ಏರುತ್ತದೆ. ಉಳಿದ ಸಾಲುಗಳು ಹಾಗಲ್ಲ. ಚಾರಿಯಟ್‌ನಿಂದ ನೈಟ್‌ಗೆ 22, ಕ್ರಾಸ್‌ಬೋನಿಂದ ಫೀಲ್ಡ್ ಕ್ಯಾನನ್‌ಗೆ 20, ಬಾಂಬಾರ್ಡ್‌ನಿಂದ ಆರ್ಟಿಲರಿಗೆ 25. ಇಂಥ ದೊಡ್ಡ ಜಿಗಿತ ಇರುವ ಕಡೆಯೇ ಯುದ್ಧ ಸಾರಬೇಕು. ಸಣ್ಣ ಮೆಟ್ಟಿಲಿರುವ ಕಾಲದಲ್ಲಿ ಊರು ಕಟ್ಟಿ, ಕ್ಯಾಂಪಸ್ (ವಿಜ್ಞಾನದ ಬಡಾವಣೆ) ಎಬ್ಬಿಸಿ, ಹಣ ಕೂಡಿಡಿ.

ಇನ್ನೊಂದು ಮಾತು. ಅಪ್‌ಗ್ರೇಡ್ ಆದ (ಮೇಲಿನ ಮೆಟ್ಟಿಲಿಗೆ ಏರಿದ) ಯೂನಿಟ್ ತನ್ನ ಅನುಭವವನ್ನೂ ಅದರಿಂದ ಗಳಿಸಿದ ಪ್ರಮೋಶನ್‌ಗಳನ್ನೂ (ವಿಶೇಷ ಗುಣಗಳನ್ನೂ) ಜೊತೆಗೇ ಒಯ್ಯುತ್ತದೆ. ಮೊದಲ ಮೂವತ್ತು ಟರ್ನ್‌ನಲ್ಲಿ ಯಾವ ರಾಜ್ಯಕ್ಕೂ ಸೇರದ ಕಾಡುಜನರ ಮೇಲೆ ಕಲ್ಲು ಬೀಸಿದ ಸ್ಲಿಂಗರ್ ಬದುಕಿ ಉಳಿದರೆ ಮುಂದೆ ಮೂರು ಪ್ರಮೋಶನ್ ಹೊತ್ತ ಫೀಲ್ಡ್ ಕ್ಯಾನನ್ ಆಗುತ್ತಾನೆ. ಹೊಸದಾಗಿ ಕಟ್ಟಿದ ಯಾವ ಯೂನಿಟ್ಟೂ ಅವನಿಗೆ ಸಾಟಿಯಲ್ಲ. ಆದ್ದರಿಂದ ಒಂದು ಊರಿನ ಆಸೆಗೆ ಹಳೆಯ ಯೂನಿಟ್‌ಗಳನ್ನು ಬಲಿ ಕೊಡಬೇಡಿ. ಹಿಂದೆ ಸರಿಸಿ ಗಾಯ ಮಾಗಲು ಬಿಡಿ. ಪ್ರಮೋಶನ್ ಕೊಟ್ಟಾಗ 50 ಆರೋಗ್ಯ ಮರಳುತ್ತದೆ, ಹಾಗಾಗಿ ಸಿಕ್ಕ ಪ್ರಮೋಶನ್ನನ್ನು ಅವಸರಕ್ಕೆ ಖರ್ಚು ಮಾಡದೆ ಯೂನಿಟ್ ಸಾಯುವಂತಿದ್ದಾಗ ಬಳಸುವುದು ಒಳ್ಳೆಯ ಅಭ್ಯಾಸ.

ಹಂತ 1: ಪ್ರಾಚೀನ ಯುಗ, ಕವಣೆಯಿಂದ ಬಿಲ್ಲಿಗೆ

ಸ್ಕೌಟ್ ಒಂದನ್ನು ಕಳಿಸಿ ಹತ್ತಿರದ ನೆರೆಯವರು ಎಲ್ಲಿದ್ದಾರೆ ಎಂದು ಮೊದಲು ತಿಳಿದುಕೊಳ್ಳಿ. ಹತ್ತು ಹನ್ನೆರಡು ಟೈಲ್ (ನಕ್ಷೆಯ ಆರು ಮೂಲೆಯ ಮನೆ) ಒಳಗೆ ಯಾರಾದರೂ ಸಿಕ್ಕರೆ ಮಾತ್ರ ಈ ಯುಗದ ಯುದ್ಧ ಲಾಭ. ಅದಕ್ಕಿಂತ ದೂರವಿದ್ದರೆ ಬಿಟ್ಟು ಎರಡನೇ ಹಂತಕ್ಕೆ ಹೋಗಿ.

ಸ್ಲಿಂಗರ್ ಒಬ್ಬನಿಗೆ 35 ಉತ್ಪಾದನೆ ಸಾಕು, ಆರ್ಚರ್‌ಗೆ 60 ಬೇಕು. ಸ್ಲಿಂಗರ್‌ನನ್ನು ಆರ್ಚರ್ ಮಾಡಲು 60 ಚಿನ್ನ. ಆರ್ಚರಿ ತಂತ್ರಜ್ಞಾನ ಬರುವ ಮೊದಲೇ ಮೂರು ನಾಲ್ಕು ಸ್ಲಿಂಗರ್‌ಗಳನ್ನು ಕಟ್ಟಿ, 180-240 ಚಿನ್ನ ಕೈಯಲ್ಲಿಟ್ಟುಕೊಳ್ಳಿ. ಅವರಲ್ಲೊಬ್ಬ ಯಾವುದಾದರೂ ಯೂನಿಟ್ ಒಂದನ್ನು ಕೊಂದರೆ ಆರ್ಚರಿಗೆ ಯುರೇಕಾ ಸಿಕ್ಕಿ ಸಂಶೋಧನೆಯ 40 ಶೇಕಡಾ ಉಚಿತ. ಕಾಡುಜನರ ಸ್ಕೌಟ್ ಬಂದಾಗ ವಾರಿಯರ್‌ನಿಂದ ಹೊಡೆದು ಅರೆಜೀವ ಮಾಡಿ, ಕೊನೆಯ ಪೆಟ್ಟು ಮಾತ್ರ ಸ್ಲಿಂಗರ್‌ಗೆ ಬಿಡಿ. ಆರ್ಚರಿ ಮುಗಿದ ಟರ್ನ್‌ನಲ್ಲೇ ಎಲ್ಲರನ್ನೂ ಒಟ್ಟಿಗೆ ಅಪ್‌ಗ್ರೇಡ್ ಮಾಡಿದರೆ ಎದುರಿನವನ ವಾರಿಯರ್‌ಗಳ ಮುಂದೆ ಒಂದೇ ಕ್ಷಣದಲ್ಲಿ ನಾಲ್ಕು ಬಿಲ್ಲುಗಾರರು ನಿಂತಿರುತ್ತಾರೆ. ಕ್ರಾಫ್ಟ್ಸ್‌ಮನ್‌ಶಿಪ್ ಸಿವಿಕ್‌ನಿಂದ ಸಿಗುವ ಅಗೋಗೆ ಎಂಬ ನೀತಿ ಕಾರ್ಡ್ ಹಾಕಿದ್ದರೆ ಈ ಯೂನಿಟ್‌ಗಳ ಉತ್ಪಾದನೆ 50 ಶೇಕಡಾ ಬೇಗ.

ದಾಳಿಯ ಟರ್ನ್‌ನಲ್ಲಿ ಕೈ ಆಡಿಸುವ ಕ್ರಮ ಬಹಳ ಮುಖ್ಯ, ಆರಂಭದವರು ಎಡವುವುದು ಇಲ್ಲೇ. ಮೊದಲು ದೂರದಿಂದ ಹೊಡೆಯುವವರೆಲ್ಲ ಹೊಡೆಯಲಿ. ಎದುರಾಳಿಯ ಆರೋಗ್ಯ 30ಕ್ಕಿಂತ ಕೆಳಗಿಳಿದ ಮೇಲೆ ವಾರಿಯರ್ ಹೋಗಿ ಮುಗಿಸಲಿ. ಬರಿಗೈಯಲ್ಲಿ ಉಳಿದವರನ್ನು ಕೊನೆಗೆ ಸರಿಸಿ. ಮೊದಲೇ ವಾರಿಯರ್ ನುಗ್ಗಿದರೆ ಅವನು ಪೂರ್ಣ ಬಲದ ಎದುರಾಳಿಯಿಂದ ಪೆಟ್ಟು ತಿನ್ನುತ್ತಾನೆ, ಅವನು ನಿಂತ ಜಾಗದಲ್ಲಿ ಇನ್ನೊಬ್ಬರಿಗೆ ನಿಲ್ಲಲೂ ಆಗುವುದಿಲ್ಲ. ಒಂದು ಟೈಲ್‌ಗೆ ಒಂದೇ ಯೂನಿಟ್.

ನಗರದ ವಿಷಯ ಬೇರೆ. ನಗರಕ್ಕೆ 200 ಆರೋಗ್ಯ. ಬಿಲ್ಲಿನಂಥ ಆಯುಧಗಳಿಗೆ ನಗರದ ವಿರುದ್ಧ 17 ಅಂಕಿ ಕಳೆಯುತ್ತದೆ, ಹಾಗಾಗಿ ಬಾಣದಿಂದಲೇ ಊರು ಬೀಳಿಸುತ್ತೇನೆ ಎಂಬುದು ನಿಧಾನದ ಕೆಲಸ. ಗೋಡೆ ಇಲ್ಲದ ಊರಾದರೆ ನಾಲ್ಕು ಆರ್ಚರ್, ಎರಡು ವಾರಿಯರ್ ಸಾಕು. ಗೋಡೆ ಎದ್ದಿದ್ದರೆ ಹಿಂದಿರುಗಿ. ಆ ಆರ್ಚರ್‌ಗಳು ವ್ಯರ್ಥವಾಗುವುದಿಲ್ಲ, ಮೂರು ಆರ್ಚರ್ ಇದ್ದರೆ ಮುಂದೆ ಮೆಶಿನರಿ ತಂತ್ರಜ್ಞಾನದ ಯುರೇಕಾ ಸಿಗುತ್ತದೆ. ಊರೊಳಗೆ ಕಾಲಿಟ್ಟು ವಶಪಡಿಸಿಕೊಳ್ಳುವುದು ಕೈಕೈ ಮಿಲಾಯಿಸುವ ಯೂನಿಟ್‌ಗೆ ಮಾತ್ರ ಸಾಧ್ಯ ಎಂಬುದನ್ನೂ ನೆನಪಿಡಿ.

ಹಂತ 2: ಕ್ಲಾಸಿಕಲ್ ಯುಗ, ಕಬ್ಬಿಣದ ಲೆಕ್ಕ

ಇಲ್ಲಿ ಸೋಲು ಗೆಲುವು ನಿಂತಿರುವುದು ನೆಲದಡಿಯ ಕಬ್ಬಿಣದ ಮೇಲೆ. ಸ್ವೋರ್ಡ್ಸ್‌ಮನ್ ಒಬ್ಬನಿಗೆ 20 ಕಬ್ಬಿಣ ಬೇಕು. ಒಂದು ಗಣಿ ಟರ್ನ್‌ಗೆ 2 ಕೊಡುತ್ತದೆ. ಅಂದರೆ ಒಂದೇ ಗಣಿ ಇದ್ದರೆ ಹತ್ತು ಟರ್ನ್‌ಗೆ ಒಬ್ಬ. ಆರಂಭದಲ್ಲಿ ಸಂಗ್ರಹದ ಮಿತಿ 50 ಮಾತ್ರ, ಹಾಗಾಗಿ ಕೂಡಿಟ್ಟುಕೊಂಡು ಒಮ್ಮೆಗೇ ಐದಾರು ಮಂದಿಯನ್ನು ಹೊರಡಿಸುವುದೂ ಆಗದು.

ದಾರಿಗಳು ಮೂರು. ಎರಡು ಕಬ್ಬಿಣದ ಗಣಿ ಹಿಡಿಯುವಂತೆ ಎರಡನೇ, ಮೂರನೇ ಊರಿನ ಜಾಗ ಆರಿಸುವುದು ಒಂದು. ಮ್ಯಾಗ್ನಸ್ ಗವರ್ನರ್‌ಗೆ ಬ್ಲ್ಯಾಕ್ ಮಾರ್ಕೆಟಿಯರ್ ಪ್ರಮೋಶನ್ ಕೊಟ್ಟು, ಅವನಿರುವ ಊರಿನಲ್ಲೇ ಸೈನ್ಯ ಕಟ್ಟುವುದು ಎರಡನೆಯದು. ಸಂಪನ್ಮೂಲದ ಬೆಲೆ 80 ಶೇಕಡಾ ಇಳಿದು ಒಬ್ಬ ಸ್ವೋರ್ಡ್ಸ್‌ಮನ್‌ಗೆ 4 ಕಬ್ಬಿಣ ಸಾಕಾಗುತ್ತದೆ. ಕಬ್ಬಿಣವನ್ನು ಮರೆತು ಕುದುರೆಗೆ ತಿರುಗುವುದು ಮೂರನೆಯದು. ಹಾರ್ಸ್‌ಮನ್ ಬಲ 36, ಒಂದೇ ಟರ್ನ್‌ನಲ್ಲಿ 4 ಹೆಜ್ಜೆ ಓಡುತ್ತಾನೆ. ಬಯಲು ಸೀಮೆಯಲ್ಲಿ ನಾನು ಯಾವಾಗಲೂ ಕುದುರೆಯನ್ನೇ ಆರಿಸುತ್ತೇನೆ. ಗುಡ್ಡ ಕಾಡು ದಟ್ಟವಾಗಿದ್ದರೆ ಆ ವೇಗವೆಲ್ಲ ನೀರುಪಾಲು, ಅಲ್ಲಿ ಕತ್ತಿಯೇ ಸರಿ.

ಕತ್ತಿಯ ದಾರಿ ಹಿಡಿದವರು ಬ್ಯಾಟರಿಂಗ್ ರ್‍ಯಾಮ್ ಒಂದನ್ನು ಮರೆಯಬಾರದು. ಕಾಲಾಳು ಗೋಡೆಗೆ ಗುದ್ದಿದರೆ ಸಹಜವಾಗಿ ಆಗುವ ಹಾನಿ 15 ಶೇಕಡಾ ಮಾತ್ರ. ರ್‍ಯಾಮ್ ಪಕ್ಕದಲ್ಲಿದ್ದರೆ ಪೂರ್ತಿ. ರ್‍ಯಾಮ್ ಅನ್ನು ಕಾಲಾಳಿನ ಜೊತೆ ಒಂದೇ ಟೈಲ್‌ನಲ್ಲಿ ನಿಲ್ಲಿಸಬಹುದು, ಅದು ಊರಿಗೆ ತಾಗಿದ್ದರೆ ಊರಿಗೆ ತಾಗಿದ ಎಲ್ಲ ಕಾಲಾಳುಗಳಿಗೂ ಅದರ ಪ್ರಯೋಜನ. ಇದು ಏನ್ಶಿಯಂಟ್ ಗೋಡೆಗೆ ಮಾತ್ರ ನಡೆಯುತ್ತದೆ. ಸೀಜ್ ಟವರ್ ಗೋಡೆಯನ್ನೇ ಹಾರಿಸಿ ನೇರ ಊರಿನ ಮೇಲೆ ಬೀಳಲು ಬಿಡುತ್ತದೆ, ಮೀಡಿವಲ್ ಗೋಡೆಯವರೆಗೂ ಕೆಲಸಕ್ಕೆ ಬರುತ್ತದೆ. ಕುದುರೆಪಡೆಗೆ ಇವೆರಡರಿಂದಲೂ ಉಪಯೋಗವಿಲ್ಲ. ಅದಕ್ಕೇ ಹಾರ್ಸ್‌ಮನ್ ದಾಳಿ ಮಾಡುವುದಾದರೆ ಗೋಡೆ ಏಳುವ ಮುಂಚೆ ಮಾಡಿ.

ಮುತ್ತಿಗೆ ಎಂದರೆ ಊರು ಗಾಯ ಮಾಗಿಸಿಕೊಳ್ಳದಂತೆ ಸುತ್ತಲೂ ಬಿಗಿಯುವುದು. ಬಿಗಿಯದಿದ್ದರೆ ಊರು ಪ್ರತಿ ಟರ್ನ್ 20 ಆರೋಗ್ಯ ಮರಳಿ ಪಡೆಯುತ್ತದೆ. ಆರೂ ಟೈಲ್‌ನಲ್ಲಿ ಆರು ಯೂನಿಟ್ ನಿಲ್ಲಿಸಬೇಕೆಂದಿಲ್ಲ. ಕಾಲಾಳು ತನ್ನ ಪಕ್ಕದ ಟೈಲ್‌ಗಳನ್ನೂ ಹಿಡಿತದಲ್ಲಿಟ್ಟುಕೊಳ್ಳುವುದರಿಂದ, ಊರಿನ ಎದುರುಬದುರು ಎರಡು ಬದಿಯಲ್ಲಿ ಒಬ್ಬೊಬ್ಬರು ನಿಂತರೆ ಸುತ್ತು ಪೂರ್ತಿ. ನಡುವೆ ನದಿ ಹರಿದರೆ ಆ ಹಿಡಿತ ದಾಟುವುದಿಲ್ಲ, ಆಗ ಮೂರನೆಯವನು ಬೇಕು. ಬಿಲ್ಲುಗಾರರಿಗೆ ಈ ಹಿಡಿತ ಇಲ್ಲ.

ಗೆದ್ದ ಊರು ಕೈ ಜಾರದಂತೆ

ಇದಕ್ಕೆ ಬೇರೆ ಹಂತ ಎಂದು ಹೆಸರಿಲ್ಲ, ಆದರೆ ಎಲ್ಲ ಹಂತದಲ್ಲೂ ಇದು ಬೇಕು. ಹಿಡಿದ ಊರಿನ ಮೇಲೆ ಒಂಬತ್ತು ಟೈಲ್ ಒಳಗಿನ ಎಲ್ಲ ಊರುಗಳ ಜನಸಂಖ್ಯೆಯ ಒತ್ತಡ ಬೀಳುತ್ತದೆ. ಶತ್ರುವಿನ ಐದು ದೊಡ್ಡ ಊರುಗಳ ನಡುವೆ ಒಂದೇ ಊರು ಹಿಡಿದು ಶಾಂತಿ ಮಾಡಿಕೊಂಡರೆ ಕೆಲವೇ ಟರ್ನ್‌ನಲ್ಲಿ ಅದು ನಿಷ್ಠೆ ಕಳೆದುಕೊಂಡು ಬಂಡೇಳುತ್ತದೆ. ಹಾಗಾಗಿ ಒಂದು ಊರಿಗೆಂದು ಯುದ್ಧಕ್ಕೆ ಹೋಗಬೇಡಿ. ಅಕ್ಕಪಕ್ಕದ ಎರಡು ಮೂರು ಊರುಗಳನ್ನು ಒಟ್ಟಿಗೆ ಬೀಳಿಸುವ ಯೋಜನೆ ಇದ್ದರೆ ಹೋಗಿ. ಊರು ಬಿದ್ದ ತಕ್ಷಣ ಗವರ್ನರ್‌ನನ್ನು ಅಲ್ಲಿಗೆ ಕಳಿಸಿ, ಟರ್ನ್‌ಗೆ 8 ನಿಷ್ಠೆ ಕೂಡುತ್ತದೆ.

ಯುದ್ಧ ಸಾರುವ ಕ್ರಮಕ್ಕೂ ಬೆಲೆ ಇದೆ. ಹೇಳದೆ ಕೇಳದೆ ನುಗ್ಗಿದರೆ ಇತರರ ಅಸಮಾಧಾನ ಹೆಚ್ಚು. ಮೊದಲು ಖಂಡಿಸಿ, ಐದು ಟರ್ನ್ ಕಾದು ಔಪಚಾರಿಕವಾಗಿ ಸಾರಿದರೆ ಕಡಿಮೆ. ದಂಡು ಗಡಿಗೆ ನಡೆಯಲು ಹೇಗೂ ಐದು ಟರ್ನ್ ಬೇಕು. ಖಂಡಿಸಿಯೇ ಹೊರಡಿ.

ಹಂತ 3: ಮಧ್ಯಯುಗ, ನೈಟ್‌ಗಳ ಕಾಲ

ಇಡೀ ಆಟದಲ್ಲಿ ಇದಕ್ಕಿಂತ ಒಳ್ಳೆಯ ಸಂದಿ ಅಪರೂಪ. ಎದುರಿನವನ ಬಳಿ 35ರ ಸ್ವೋರ್ಡ್ಸ್‌ಮನ್, 25ರ ಸ್ಪಿಯರ್‌ಮನ್ ಇರುವಾಗ ನಿಮ್ಮ ಕೈಯಲ್ಲಿ 50ರ ನೈಟ್ ಇದ್ದರೆ ಹೇಗಿರುತ್ತದೆ ಯೋಚಿಸಿ. ಈ ಕೆಲಸವನ್ನು ಕ್ಲಾಸಿಕಲ್ ಯುಗದಲ್ಲೇ ಆರಂಭಿಸಬೇಕು, ನೈಟ್ ಬಂದ ಮೇಲೆ ಆರಂಭಿಸಿದರೆ ತಡ.

ಹೆವಿ ಚಾರಿಯಟ್‌ಗೆ 65 ಉತ್ಪಾದನೆ, ಕುದುರೆಯ ಸಂಪನ್ಮೂಲವೂ ಬೇಡ. ಮಿಲಿಟರಿ ಟ್ರೆಡಿಶನ್ ಕೊಡುವ ಮೆನೂವರ್ ಕಾರ್ಡ್ ಹಾಕಿ ಐದಾರು ಚಾರಿಯಟ್ ಕಟ್ಟಿ ನಿಲ್ಲಿಸಿ. ಇತ್ತ ಆರು ಹೊಲ ಮಾಡಿ. ಅದು ಫ್ಯೂಡಲಿಸಂ ಸಿವಿಕ್‌ಗೆ ಸ್ಫೂರ್ತಿ (ಸಿವಿಕ್‌ಗೆ ಸಿಗುವ ಯುರೇಕಾ). ಫ್ಯೂಡಲಿಸಂ ಬಂದರೆ ನೈಟ್ ಕೊಡುವ ಸ್ಟಿರಪ್ಸ್ ತಂತ್ರಜ್ಞಾನಕ್ಕೆ ಯುರೇಕಾ ತಾನಾಗಿ ಸಿಗುತ್ತದೆ. ಚಾರಿಯಟ್, ಆರ್ಚರ್, ವಾರಿಯರ್ ಎಲ್ಲ ಸೇರಿ ಎಂಟು ಭೂಸೈನ್ಯ ಆದಾಗ ಮರ್ಸಿನರೀಸ್ ಸಿವಿಕ್‌ಗೂ ಸ್ಫೂರ್ತಿ. ಆ ಮರ್ಸಿನರೀಸ್ ಕೊಡುವುದು ಪ್ರೊಫೆಶನಲ್ ಆರ್ಮಿ ಕಾರ್ಡ್: ಎಲ್ಲ ಅಪ್‌ಗ್ರೇಡ್‌ಗಳ ಚಿನ್ನದ ಬೆಲೆ ಅರ್ಧ! ಹೊಲದಿಂದ ಹೊರಟ ಎಳೆ ಹೇಗೆ ನೈಟ್‌ವರೆಗೆ ಬಂತು ನೋಡಿ. ಈ ಆಟವನ್ನು ನಾನು ಇಷ್ಟಪಡುವುದಕ್ಕೆ ಇಂಥ ಹೆಣಿಗೆಯೇ ಕಾರಣ.

ಮರ್ಸಿನರೀಸ್ ಮತ್ತು ಸ್ಟಿರಪ್ಸ್ ಎರಡೂ ಒಂದೆರಡು ಟರ್ನ್ ಅಂತರದಲ್ಲಿ ಮುಗಿಯುವಂತೆ ಹೊಂದಿಸಿ. ಒಂದು ಮುಂಚೆ ಬರುವಂತಿದ್ದರೆ ಅದನ್ನು ಅರ್ಧಕ್ಕೆ ನಿಲ್ಲಿಸಿ ಬೇರೆಯದನ್ನು ಕಲಿಯಬಹುದು, ಕಲಿತಷ್ಟು ಭಾಗ ಹಾಗೇ ಉಳಿದಿರುತ್ತದೆ. ಚಿನ್ನ ಸಾಲದಿದ್ದರೆ ಹೆಚ್ಚಾದ ಐಷಾರಾಮಿ ಸರಕು, ರಾಜತಾಂತ್ರಿಕ ಪ್ರಭಾವ ಎರಡನ್ನೂ ಬೇರೆ ದೊರೆಗಳಿಗೆ ಮಾರಿ. ನೈಟ್‌ಗೆ ಕಬ್ಬಿಣವೂ ಬೇಕು, ಸಂಗ್ರಹ ತುಂಬಿರಲಿ. ಅಪ್‌ಗ್ರೇಡ್ ನಡೆಯುವುದು ನಿಮ್ಮ ಗಡಿಯೊಳಗೆ ಮಾತ್ರ, ಆ ಟರ್ನ್‌ನ ನಡಿಗೆ ಅಲ್ಲಿಗೆ ಮುಗಿಯಿತು. ಶತ್ರುವಿನ ಕಡೆಯ ಗಡಿಯಲ್ಲೇ ದಂಡನ್ನು ನಿಲ್ಲಿಸಿಕೊಂಡಿದ್ದರೆ ಮರು ಟರ್ನ್‌ಗೆ ನುಗ್ಗಬಹುದು.

ನೈಟ್‌ಗಳ ಶತ್ರು ಪೈಕ್‌ಮನ್. ಅವನ ಬಲ 45 ಇದ್ದರೂ ಕುದುರೆಯ ಎದುರು 10 ಕೂಡಿ 55 ಆಗುತ್ತದೆ. ಪೈಕ್‌ಮನ್‌ಗಳನ್ನು ಕ್ರಾಸ್‌ಬೋಗಳಿಗೆ ಬಿಡಿ. ನಿಮ್ಮ ಹಳೆಯ ಆರ್ಚರ್‌ಗಳು ಮೆಶಿನರಿ ಬಂದು ಕ್ರಾಸ್‌ಬೋಮನ್ ಆಗಿರಬೇಕು. ಅಂಥ ಇಬ್ಬರಿದ್ದರೆ ಮೆಟಲ್ ಕಾಸ್ಟಿಂಗ್‌ಗೂ ಯುರೇಕಾ. ಎನ್‌ಕ್ಯಾಂಪ್‌ಮೆಂಟ್ (ಸೇನಾ ಬಡಾವಣೆ) ಕಟ್ಟಿದವರಿಗೆ ಈ ಹೊತ್ತಿಗೆ ಒಬ್ಬ ಗ್ರೇಟ್ ಜನರಲ್ ಸಿಕ್ಕಿರುತ್ತಾನೆ. ಎರಡು ಟೈಲ್ ಒಳಗಿನ ತನ್ನ ಯುಗದ ಮತ್ತು ಮುಂದಿನ ಯುಗದ ಯೂನಿಟ್‌ಗಳಿಗೆ ಅವನು 5 ಬಲ, 1 ಹೆಜ್ಜೆ ಕೊಡುತ್ತಾನೆ. ಕ್ಲಾಸಿಕಲ್ ಯುಗದ ಜನರಲ್ ನೈಟ್‌ಗಳಿಗೂ ಆಗುತ್ತಾನೆ ಎಂದಾಯಿತು. ಮಸ್ಕೆಟ್ ಬಂದ ಮೇಲೆ ಅವನಿಂದ ಬಲ ಸಿಗದು, ಆಗ ನಿವೃತ್ತಿ ಕೊಡಿಸಿ ಅವನ ವಿಶೇಷ ಗುಣ ಬಳಸಿಕೊಳ್ಳಿ. ಎಲ್ ಸಿದ್ ಸಿಕ್ಕರೆ ಒಂದು ನೈಟ್‌ನನ್ನು ಆ ಕಾಲಕ್ಕೇ ಕೋರ್ (ಎರಡು ಯೂನಿಟ್ ಸೇರಿದಂಥ ತುಕಡಿ) ಮಾಡಬಹುದು, ಬಲ 60.

ಹಂತ 4: ನವೋದಯ, ಮದ್ದುಗುಂಡಿನ ಮುತ್ತಿಗೆ

ಈ ಯುಗದಲ್ಲಿ ಗೋಡೆಗಳು ಎತ್ತರವಾಗಿರುತ್ತವೆ. ಏನ್ಶಿಯಂಟ್ ಗೋಡೆಗೆ 100, ಮೀಡಿವಲ್ ಸೇರಿದರೆ 200, ರಿನೈಸಾನ್ಸ್ ಸೇರಿದರೆ 300. ನೈಟ್‌ಗಳು ಇಲ್ಲಿ ತಲೆ ಚಚ್ಚಿಕೊಳ್ಳಬೇಕು. ಬೇಕಾದದ್ದು ಬಾಂಬಾರ್ಡ್, ಅದಕ್ಕೆ ನೈಟರ್ ಎಂಬ ಸಂಪನ್ಮೂಲ. ಕಬ್ಬಿಣದ ಲೆಕ್ಕವೇ ಇಲ್ಲಿಯೂ: ಒಂದಕ್ಕೆ 20. ಕ್ಯಾಟಪಲ್ಟ್ ಅಥವಾ ಟ್ರೆಬುಶೆಗಳನ್ನು ಮೊದಲೇ ಕಟ್ಟಿಟ್ಟು ಮೆಟಲ್ ಕಾಸ್ಟಿಂಗ್ ಬಂದಾಗ ಮೂರನ್ನು ಬಾಂಬಾರ್ಡ್ ಮಾಡಿಕೊಳ್ಳಿ.

ಒಂದು ಮುತ್ತಿಗೆಯನ್ನು ಟರ್ನ್ ಟರ್ನ್ ಆಗಿ ನೋಡೋಣ. ಮೀಡಿವಲ್ ಗೋಡೆಯ ಊರು, ಅದರ ಬಲ 45 ಎಂದಿಟ್ಟುಕೊಳ್ಳಿ. ಊರಿನ ಬಾಣ ಎರಡು ಟೈಲ್ ದೂರ ಬೀಳುತ್ತದೆ, ಬಾಂಬಾರ್ಡ್‌ನ ಗುಂಡೂ ಅಷ್ಟೇ ದೂರ. ಮೊದಲ ಟರ್ನ್: ಎಲ್ಲರೂ ಮೂರು ಟೈಲ್ ದೂರದಲ್ಲಿ ನಿಲ್ಲಲಿ, ಇಬ್ಬರು ಮಸ್ಕೆಟ್‌ಮನ್ ಮಾತ್ರ ಮುಂದೆ ಹೋಗಿ ಊರಿನ ಎರಡು ಬದಿ ಹಿಡಿಯಲಿ. ಎರಡನೇ ಟರ್ನ್: ಬಾಂಬಾರ್ಡ್‌ಗಳು ಒಂದು ಹೆಜ್ಜೆ ಒಳಗೆ. ಇವು ನಡೆದ ಟರ್ನ್‌ನಲ್ಲಿ ಗುಂಡು ಹಾರಿಸಲಾರವು. ಈ ಯುಗಕ್ಕೆ ಸಲ್ಲುವ ಜನರಲ್ ಪಕ್ಕದಲ್ಲಿದ್ದರೆ ಒಂದು ಹೆಜ್ಜೆ ಹೆಚ್ಚು ಸಿಕ್ಕಿ ನಡೆದೂ ಹಾರಿಸುತ್ತವೆ, ಜನರಲ್‌ನ ಬೆಲೆ ತಿಳಿಯುವುದು ಇಲ್ಲೇ. ಮೂರನೇ ಟರ್ನ್: ಮೂರೂ ಹಾರಿಸಿದರೆ ತಲಾ ಸುಮಾರು 45, ಗೋಡೆಯಿಂದ 135 ಹೋಯಿತು. ನಾಲ್ಕನೇ ಟರ್ನ್‌ಗೆ ಗೋಡೆ ನೆಲಸಮ. ಅಷ್ಟರಲ್ಲಿ ಊರು ಒಂದು ಬಾಂಬಾರ್ಡ್‌ಗೆ ಎರಡು ಮೂರು ಪೆಟ್ಟು ಕೊಟ್ಟಿರುತ್ತದೆ, ಅದನ್ನು ಹಿಂದೆ ಸರಿಸಿ. ಗೋಡೆ ಬಿದ್ದ ಊರು ಬಾಣ ಬಿಡಲಾರದು, ಇನ್ನು ಅವಸರವಿಲ್ಲ. ಐದು, ಆರನೇ ಟರ್ನ್‌ನಲ್ಲಿ ಉಳಿದವು ಊರಿನ ಆರೋಗ್ಯ ಇಳಿಸಲಿ, ಕೊನೆಗೆ ಮಸ್ಕೆಟ್‌ಮನ್ ಒಳಗೆ. ಬಾಂಬಾರ್ಡ್‌ಗಳಿಗೆ ಯೂನಿಟ್‌ಗಳ ವಿರುದ್ಧ 17 ಅಂಕಿ ಕಳೆಯುವುದರಿಂದ ಬಯಲಿನಲ್ಲಿ ಅವುಗಳನ್ನು ಒಂಟಿಯಾಗಿ ಬಿಡಲೇಬೇಡಿ.

ಶತ್ರುವಿನ ಊರುಗಳು ಕಡಲ ದಂಡೆಯಲ್ಲಿದ್ದರೆ ಈ ತಾಪತ್ರಯವೆಲ್ಲ ಬೇಡ. ಕ್ವಾಡ್ರಿರೀಮ್‌ಗಳನ್ನು ಮೊದಲೇ ಕಟ್ಟಿ, ಸ್ಕ್ವೇರ್ ರಿಗ್ಗಿಂಗ್ ಬಂದಾಗ ಫ್ರಿಗೇಟ್ ಮಾಡಿ. ಎರಡು ಟೈಲ್ ದೂರದಿಂದ ನಾಲ್ಕೈದು ಫ್ರಿಗೇಟ್ ಹೊಡೆದರೆ ಊರು ನಿಲ್ಲುವುದಿಲ್ಲ. ಒಳಗೆ ಕಾಲಿಡಲು ಒಂದು ಕ್ಯಾರವೆಲ್ ಜೊತೆಗಿರಲಿ. ನೌಕೆಗಳಿಗೆ ಗುಡ್ಡ, ಕಾಡು, ನದಿ ಯಾವುದರ ಕಾಟವೂ ಇಲ್ಲ. ದ್ವೀಪಗಳ ನಕ್ಷೆಯಲ್ಲಿ ಭೂಸೈನ್ಯಕ್ಕೆ ಒಂದು ಚಿನ್ನವನ್ನೂ ಹಾಕಬೇಡಿ ಎನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ.

ಹಂತ 5: ಕೈಗಾರಿಕಾ ಯುಗ

ಇಲ್ಲಿ ತಂತ್ರಜ್ಞಾನಕ್ಕಿಂತ ಸಿವಿಕ್ ದೊಡ್ಡದು. ನ್ಯಾಶನಲಿಸಂ ಬಂದರೆ ಒಂದೇ ಬಗೆಯ ಎರಡು ಯೂನಿಟ್ ಸೇರಿಸಿ ಕೋರ್ ಮಾಡಬಹುದು, ಬಲಕ್ಕೆ 10 ಕೂಡುತ್ತದೆ. ಕಾಲಾಳಿನ ಸಾಲಿನಲ್ಲಿ 10 ಎಂದರೆ ಒಂದು ಯುಗ. ಮುಂದೆ ಮೊಬಿಲೈಸೇಶನ್ ಬಂದಾಗ ಮೂರನ್ನು ಸೇರಿಸಿ ಆರ್ಮಿ, ಬಲಕ್ಕೆ 17. ವಿಜ್ಞಾನದಲ್ಲಿ ಹಿಂದುಳಿದವರಿಗೆ ಅಂತರ ಮುಚ್ಚಲು ಇದೇ ದಾರಿ. ಸೇರಿಸುವಾಗ ಪ್ರಮೋಶನ್ ಹೆಚ್ಚಿರುವ ಹಳಬನ ಜೊತೆ ಹೊಸಬನನ್ನು ಸೇರಿಸಿ. ಇಬ್ಬರು ಹಳಬರನ್ನು ಸೇರಿಸಿದರೆ ಒಬ್ಬನ ಅನುಭವ ನಷ್ಟ.

ಬ್ಯಾಲಿಸ್ಟಿಕ್ಸ್ ಬಂದ ಟರ್ನ್‌ನಲ್ಲಿ ಕ್ರಾಸ್‌ಬೋಗಳೆಲ್ಲ ಫೀಲ್ಡ್ ಕ್ಯಾನನ್ ಆಗಲಿ. ಇದಕ್ಕೆ ಯಾವ ಸಂಪನ್ಮೂಲವೂ ಬೇಡ, ಚಿನ್ನ ಸಾಕು. ಫೀಲ್ಡ್ ಕ್ಯಾನನ್ ಕೋರ್ 70 ಅಂಕಿಯಿಂದ ದೂರದಿಂದ ಹೊಡೆಯುತ್ತದೆ, ಎದುರಿನ ಮಸ್ಕೆಟ್‌ಮನ್ 55. ಇಂಥ ನಾಲ್ಕು ಕೋರ್ ಇದ್ದರೆ ಬಯಲಿನ ಯುದ್ಧ ನಿಮ್ಮದೇ. ಕಂಪ್ಯೂಟರ್ ದೊರೆಗಳು ಯುದ್ಧದ ಆರಂಭದಲ್ಲಿ ಇಡೀ ಸೈನ್ಯವನ್ನು ಅಲೆಯಂತೆ ನಿಮ್ಮ ಮೇಲೆ ಕಳಿಸುತ್ತಾರೆ. ಗುಡ್ಡದ ಸಾಲಿನಲ್ಲಿ ಭದ್ರವಾಗಿ ನಿಂತು ಆ ಅಲೆಯನ್ನು ಮುರಿಯಿರಿ, ಆಮೇಲೆ ಮುಂದೆ ಹೋಗಿ. ಊರುಗಳಲ್ಲಿ ಕಾವಲಿಗೆ ಯಾರೂ ಉಳಿದಿರುವುದಿಲ್ಲ.

ಗುರಿ ತಲುಪುವ ದಾರಿಯಲ್ಲಿ ಹಗುರ ಕುದುರೆಪಡೆಯನ್ನು ಕೊಳ್ಳೆಗೆ ಕಳಿಸಿ. ಹೊಲ ಕೊಳ್ಳೆ ಹೊಡೆದರೆ 50 ಆರೋಗ್ಯ ಮರಳುತ್ತದೆ, ಕ್ಯಾಂಪಸ್ ಕೊಳ್ಳೆ ಹೊಡೆದರೆ ವಿಜ್ಞಾನ, ಕಮರ್ಷಿಯಲ್ ಹಬ್ ಹೊಡೆದರೆ ಚಿನ್ನ. ಆ ಚಿನ್ನ ಮುಂದಿನ ಅಪ್‌ಗ್ರೇಡ್‌ಗೆ.

ಹಂತ 6: ಆರ್ಟಿಲರಿ ಮತ್ತು ಬಲೂನ್

ಸ್ಟೀಲ್ ತಂತ್ರಜ್ಞಾನ ಕಲಿತ ರಾಜ್ಯದ ಎಲ್ಲ ಊರುಗಳಿಗೂ ಗೋಡೆ ಕಟ್ಟದೆಯೇ ರಕ್ಷಣೆ ಬರುತ್ತದೆ. ರ್‍ಯಾಮ್, ಟವರ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಅದೇ ಸ್ಟೀಲ್ ಆರ್ಟಿಲರಿಯನ್ನೂ ಕೊಡುತ್ತದೆ. 55ರಿಂದ 80ಕ್ಕೆ ಜಿಗಿಯುವುದು ಇಲ್ಲಿ. ಫ್ಲೈಟ್ ತಂತ್ರಜ್ಞಾನದಿಂದ ಬರುವ ಅಬ್ಸರ್ವೇಶನ್ ಬಲೂನ್ ಒಂದು ಜೊತೆಗಿದ್ದರೆ ಪಕ್ಕದ ಆರ್ಟಿಲರಿಗಳ ದೂರ ಎರಡರಿಂದ ಮೂರು ಟೈಲ್‌ಗೆ ಏರುತ್ತದೆ, ಊರಿನ ಗುಂಡು ಎರಡೇ ಟೈಲ್. ಊರು ನಿಮ್ಮನ್ನು ಮುಟ್ಟಲಾರದು, ನೀವು ಊರನ್ನು ಮುಟ್ಟುತ್ತೀರಿ. ಬಾಂಬಾರ್ಡ್ ಮುತ್ತಿಗೆಯಲ್ಲಿದ್ದ ಹಿಂದೆ ಸರಿಸುವ ಆಟವೆಲ್ಲ ಇಲ್ಲಿ ಬೇಕಿಲ್ಲ.

ಈಗಿನಿಂದ ಸಂಪನ್ಮೂಲದ ನಿಯಮ ಬದಲಾಗುತ್ತದೆ. ಆರ್ಟಿಲರಿ, ಇನ್‌ಫೆಂಟ್ರಿ, ಟ್ಯಾಂಕ್ ಪ್ರತಿಯೊಂದೂ ಬದುಕಿರುವವರೆಗೆ ಟರ್ನ್‌ಗೆ 1 ತೈಲ ಕುಡಿಯುತ್ತದೆ. ಒಂದು ಬಾವಿ ಕೊಡುವುದು 3. ಹನ್ನೆರಡು ಯೂನಿಟ್ ಎಂದರೆ ನಾಲ್ಕು ಬಾವಿ. ತೈಲ ಬತ್ತಿದರೆ ಯೂನಿಟ್‌ಗಳ ಬಲವೇ ಕುಸಿಯುತ್ತದೆ. ಆದ್ದರಿಂದ ಈ ಯುಗದ ಮೊದಲ ಯುದ್ಧದ ಗುರಿ ತೈಲವಿರುವ ಊರೇ ಆಗಿರಲಿ, ರಾಜಧಾನಿ ಆಮೇಲೆ.

ಹಂತ 7: ಆಕಾಶ

ರೇಡಿಯೋ ಬಂದರೆ ಅಲ್ಯೂಮಿನಿಯಂ ಎಲ್ಲಿದೆ ಎಂದು ನಕ್ಷೆಯಲ್ಲಿ ಕಾಣುತ್ತದೆ, ಅಡ್ವಾನ್ಸ್ಡ್ ಫ್ಲೈಟ್ ಬಂದರೆ ಬಾಂಬರ್. ಕಂಪ್ಯೂಟರ್ ದೊರೆಗಳು ವಾಯುರಕ್ಷಣೆಯಲ್ಲಿ ದುರ್ಬಲರು, ಹಾಗಾಗಿ ನಾಲ್ಕು ಬಾಂಬರ್ ಎದ್ದರೆ ಟರ್ನ್‌ಗೊಂದು ಊರು ಬೀಳಿಸಬಹುದು. ಬಾಂಬರ್‌ಗಳಿಗೂ ಟರ್ನ್‌ಗೆ 1 ಅಲ್ಯೂಮಿನಿಯಂ ಬೇಕು. ಏರೋಡ್ರೋಮ್ ಅನ್ನು ರಾಜಧಾನಿಯಲ್ಲಿ ಕಟ್ಟದೆ ಗಡಿಗೆ ಹತ್ತಿರದ ಊರಿನಲ್ಲಿ ಕಟ್ಟಿ, ಯುದ್ಧಕ್ಕೆ ಹದಿನೈದು ಟರ್ನ್ ಮುಂಚೆ ಕೆಲಸ ಆರಂಭಿಸಿ. ಶತ್ರುವಿನ ಬಳಿ ಆ್ಯಂಟಿ ಏರ್ ಗನ್ ಕಂಡರೆ ಮೊದಲು ಆರ್ಟಿಲರಿಯಿಂದ ಅದನ್ನು ತೆಗೆಯಿರಿ.

ಪರಮಾಣು ಅಸ್ತ್ರಕ್ಕೆ ನ್ಯೂಕ್ಲಿಯರ್ ಫಿಶನ್ ಕಲಿತು ಮ್ಯಾನ್‌ಹಟನ್ ಪ್ರಾಜೆಕ್ಟ್ ಮುಗಿಸಬೇಕು, ಯುರೇನಿಯಂ ಬೇಕು. ಗೆಲ್ಲಬೇಕೆಂದುಕೊಂಡ ಊರಿನ ಸುತ್ತಲ ನೆಲವೇ ವಿಷವಾಗುವುದರಿಂದ, ಹಿಡಿದು ಉಳಿಸಿಕೊಳ್ಳುವ ಉದ್ದೇಶವಿದ್ದರೆ ಬಳಸಬೇಡಿ. ಬಾಂಬರ್‌ಗಳೇ ಸಾಕು. ಆದರೆ ಬಾಂಬರ್ ಊರನ್ನು ವಶಪಡಿಸಿಕೊಳ್ಳದು. ಪ್ರತಿ ಗುರಿಯ ಹತ್ತಿರ, ಗುಂಡಿನ ದೂರದಿಂದ ಆಚೆಗೆ, ಒಂದು ಟ್ಯಾಂಕ್ ಕಾದಿರಲಿ. ನೈಟ್ ಕಾಲದಿಂದ ಬಂದ ಹಳಬನೇ ಆದರೆ ಇನ್ನೂ ಒಳ್ಳೆಯದು. ಬಾಂಬರ್‌ಗಳು ಊರಿನ ಆರೋಗ್ಯವನ್ನು ಸೊನ್ನೆಗಿಳಿಸಿದ ಟರ್ನ್‌ನಲ್ಲೇ ಅದು ಒಳಗೆ ಹೋಗಬೇಕು. ಮುಂದಿನ ಟರ್ನ್‌ಗೆಂದು ಬಿಟ್ಟರೆ ಊರು ಮತ್ತೆ ಚೇತರಿಸಿಕೊಳ್ಳಬಹುದು, ಬಾಂಬರ್‌ಗಳನ್ನು ಮರಳಿ ಅದೇ ಕೆಲಸಕ್ಕೆ ಎಬ್ಬಿಸಬೇಕಾಗುತ್ತದೆ.